ತಕ್ಕಡಿಯಲ್ಲಿ ಕಪ್ಪೆ, ಎದುರಿಗೆ ಬಾವಲಿ

ಬೀಳಗಿ ಕಡೆಯ ಒಂದು ಹೊಲದ ಬದಿಗೆ ಹಳೆಯ ಮೆಟ್ಟಿಲುಬಾವಿಯಿದೆ. ಕಟ್ಟಿಸಿದವರ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಈಗ ಅದನ್ನು ಎಲ್ಲರೂ ಕರೆಯುವುದು ಹಾಳುಬಾವಿ ಎಂದೇ. ಮಿರಗದ ಮೊದಲ ದೊಡ್ಡ ಮಳೆ ಬಿದ್ದು ನಿಂತ ಸಂಜೆ ಅದರ ದಂಡೆಯ ಮೇಲೆ ಕೂತಿದ್ದೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಗೋಡೆಯ ಕಲ್ಲುಸಂದಿಗಳಿಂದ ಬಾವಲಿಗಳು ಮೊದಲು ಒಂದೊಂದಾಗಿ, ಆಮೇಲೆ ಹತ್ತು ಹತ್ತಾಗಿ ಕಳಚಿಕೊಂಡು, ಬಾವಿಯೊಳಗೇ ಸುತ್ತು ಹಾಕುತ್ತ ಮೇಲೇರಿದವು. ಮುಖದ ಹತ್ತಿರ ಬಂದಾಗ ರೆಕ್ಕೆಯ ಗಾಳಿ ತಾಗುತ್ತದೆ, ರೆಕ್ಕೆ ತಾಗುವುದಿಲ್ಲ. ಅವು ಖಾಲಿಯಾಗುವ ಹೊತ್ತಿಗೆ ತಳದ ಹಸಿರು ನೀರಿನಲ್ಲಿ ಒಂದು ಕಪ್ಪೆ ದನಿ ತೆಗೆಯಿತು, ಇನ್ನೊಂದು ಉತ್ತರ ಕೊಟ್ಟಿತು, ಅಲ್ಲಿಂದ ಮುಂದೆ ಲೆಕ್ಕ ತಪ್ಪಿತು. ಹೊಲದ ಯಜಮಾನರು ಬೀಡಿ ಹಚ್ಚಿಕೊಂಡು, “ಮ್ಯಾಲಿನವ್ರು ಡ್ಯೂಟಿಗೆ ಹೊಂಟ್ರು, ಕೆಳಗಿನವ್ರು ಭಜನಿ ಸುರು ಮಾಡಿದ್ರು” ಎಂದರು.

ಅಳಿವಿನಂಚಿನ ಸಣ್ಣ ಸಸ್ತನಿಯೊಂದನ್ನೂ ಅಳಿವಿನಂಚಿನ ಕಪ್ಪೆಯೊಂದನ್ನೂ ಅಕ್ಕಪಕ್ಕ ಇಟ್ಟು, ಯಾವುದರ ಗತಿ ಹೆಚ್ಚು ಕೆಟ್ಟದ್ದು ಎಂದು ಕೇಳುವವರಿದ್ದಾರೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಂತೆ ಎಂಬ ನಮ್ಮ ಮಾತು ಈ ಪ್ರಶ್ನೆಗೆ ಚೆನ್ನಾಗಿ ಹೊಂದುತ್ತದೆ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಆದರೂ ತೂಗಿ ನೋಡುವುದರಿಂದ ಒಂದು ಲಾಭವಿದೆ. ಎರಡೂ ಒಂದೇ ಕೆಂಪು ಪಟ್ಟಿಯಲ್ಲಿ, ಒಂದೇ ಶೀರ್ಷಿಕೆಯ ಕೆಳಗೆ ಇದ್ದರೂ ಸಾಯುವ ಬಗೆ ಬೇರೆ ಎಂಬುದು ಆಗ ಕಾಣುತ್ತದೆ. ನನಗೆ ತೋರಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಬಾವಲಿಗೆ ಕುತ್ತು ಒಂದು ಜಾಗದಿಂದ ಬರುತ್ತದೆ, ಕಪ್ಪೆಗೆ ಎಲ್ಲ ಕಡೆಯಿಂದ ಬರುತ್ತದೆ.

ಪಟ್ಟಿಯ ಲೆಕ್ಕಾಚಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಐಯುಸಿಎನ್ ಸಂಸ್ಥೆ ಒಂದು ಜೀವಿಯನ್ನು ‘ತೀವ್ರ ಅಳಿವಿನಂಚು’ ಎಂಬ ಮನೆಗೆ ಹಾಕಲು ಹಲವು ಅಳತೆಗೋಲು ಇಟ್ಟುಕೊಂಡಿದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಆ ಅವಧಿಯಲ್ಲಿ ಸಂಖ್ಯೆ 80 ಪ್ರತಿಶತಕ್ಕಿಂತ ಹೆಚ್ಚು ಕುಸಿದಿರಬೇಕು; ಇಲ್ಲವೇ ಬೆಳೆದ ಜೀವಿಗಳು 50ಕ್ಕಿಂತ ಕಡಿಮೆ ಉಳಿದಿರಬೇಕು; ಇಲ್ಲವೇ ಹರವು 100 ಚದರ ಕಿಲೋಮೀಟರಿಗಿಂತ ಕಿರಿದಾಗಿದ್ದು, ಆ ನೆಲೆ ಹಾಳಾಗುತ್ತಲೂ ಇರಬೇಕು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಧಾಮದ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರು. ಅಂದರೆ ಒಂದು ಜೀವಿಯ ಇಡೀ ಪ್ರಪಂಚ ಯಡಹಳ್ಳಿ ಗುಡ್ಡದಷ್ಟಿದ್ದರೆ, ಮತ್ತು ಆ ಗುಡ್ಡವೂ ಸವೆಯುತ್ತಿದ್ದರೆ, ಅದು ಆ ಮನೆಯ ಹೊಸ್ತಿಲಿಗೆ ಬಂದಂತೆ.

ಕೋಲಾರದ ಎಲೆಮೂಗಿನ ಬಾವಲಿಗೆ ಅಷ್ಟೂ ಜಾಗವಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗ್ರಾನೈಟ್ ಗುಡ್ಡ, ಅದರೊಳಗಿನ ಗವಿ, ಅಷ್ಟೇ ಅದರ ಜಗತ್ತು. ವಿಜ್ಞಾನಕ್ಕೆ ಇದರ ಪರಿಚಯವಾದದ್ದು 1994ರಲ್ಲಿ, ಕಾಕ್ ಮತ್ತು ಭಟ್ ಎಂಬ ಇಬ್ಬರ ಬರಹದಿಂದ. ಆಗ ತೇರಹಳ್ಳಿಯ ಬೆಟ್ಟದಲ್ಲೂ ಇತ್ತು. ಆಮೇಲೆ ಅಲ್ಲಿಂದ ಕಾಣೆಯಾಯಿತು. ಉಳಿದವು ಇನ್ನೂರರೊಳಗೆ ಎಂಬುದು ಸಮೀಕ್ಷೆ ಮಾಡಿದವರ ಅಂದಾಜು. ಹೊರಗೆ ಉಳಿ, ಸುತ್ತಿಗೆ, ಸಿಡಿಮದ್ದು. ಬೆಂಗಳೂರಿನ ಅಡುಗೆಮನೆಯ ಕಟ್ಟೆಗೆ ಹೊಳೆಯುವ ಕಲ್ಲು ಬೇಕು, ಬಾವಲಿಗೆ ಒರಟು ಕಲ್ಲಿನ ತಾರಸಿ ಬೇಕು, ಕಲ್ಲು ಮಾತ್ರ ಒಂದೇ. ಹೋರಾಟ, ಅರ್ಜಿ, ಓಡಾಟಗಳ ನಂತರ ಕಲ್ಲುಗಣಿ ನಿಂತು, ಗವಿಯ ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಸಿಕ್ಕಿತು. ಮೂವತ್ತು ಎಕರೆ ಎಂದರೆ ನಮ್ಮ ಕಡೆ ಒಬ್ಬ ಅನುಕೂಲಸ್ಥ ರೈತನ ಕಬ್ಬಿನ ಪ್ಲಾಟು. ಅಷ್ಟು ನೆಲವನ್ನು ಮುಟ್ಟದೆ ಬಿಟ್ಟರೆ ಒಂದು ಇಡೀ ಜಾತಿ ಉಸಿರಾಡುತ್ತದೆ. ಬಾವಲಿಯ ಕಷ್ಟದಲ್ಲಿ ಇರುವ ಒಂದು ಅನುಕೂಲ ಇದು, ವಿಳಾಸ ಗೊತ್ತಿರುತ್ತದೆ.

ವಿಳಾಸ ಗೊತ್ತಿದ್ದ ಇನ್ನೊಂದು ಬಾವಲಿ ನಮಗೆ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಿನಲ್ಲಿ, ತಳೇವಾಡಿಯ ಬಳಿ, ಬಾರಾಪೇಡೆ ಗವಿಗಳಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆ 1912ರಲ್ಲಿ ಅಲ್ಲಿ ಮುಟ್ಟಿದಾಗ, ದೊಡ್ಡ ಕಿವಿಯ, ಬಾಲ ರೆಕ್ಕೆಯಾಚೆ ಚಾಚಿಕೊಂಡ ಒಂದು ಬಾವಲಿ ಸಿಕ್ಕಿತು. ಮರುವರ್ಷ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ಆ ಸಮೀಕ್ಷೆಯ ಬೆನ್ನೆಲುಬಾಗಿದ್ದ ಅರಣ್ಯಾಧಿಕಾರಿ ರಾಟನ್ ಅವರ ಹೆಸರಿಟ್ಟರು. ಮುಂದೆ ಸುಮಾರು ತೊಂಬತ್ತು ವರ್ಷ ಲೋಕದ ಲೆಕ್ಕದಲ್ಲಿ ರಾಟನ್ ಬಾವಲಿ ಇದ್ದದ್ದು ಆ ಒಂದೇ ಗವಿಯಲ್ಲಿ. ಹಾಗಾಗಿ ಪಟ್ಟಿಯಲ್ಲಿ ತೀವ್ರ ಅಳಿವಿನಂಚು, ಭಾರತದ ಕಾನೂನಿನಲ್ಲಿ ಹುಲಿಯ ಸಾಲಿನಲ್ಲೇ ಜಾಗ. 2000ರ ಆಸುಪಾಸಿನಲ್ಲಿ ಕಾಂಬೋಡಿಯಾದಲ್ಲಿ ಒಂದು ಸಿಕ್ಕಿತು, ಮೇಘಾಲಯದಲ್ಲೂ ಕಂಡಿತು. ಆಮೇಲೆ ಪಟ್ಟಿ ತನ್ನ ಮಾತು ಬದಲಿಸಿ, ‘ಮಾಹಿತಿ ಸಾಲದು’ ಎಂಬ ಮನೆಗೆ ಅದನ್ನು ಸರಿಸಿತು. ಬಾರಾಪೇಡೆಯ ಗವಿಯಲ್ಲಿ ಅಂದು ರಾತ್ರಿ ಏನೂ ಬದಲಾಗಿರಲಿಲ್ಲ. ಕೆಂಪು ಪಟ್ಟಿಯನ್ನು ವೇದವಾಕ್ಯದಂತೆ ಓದುವವರಿಗೆ ನಾನು ಈ ಕತೆ ಹೇಳುವುದುಂಟು. ಪಟ್ಟಿ ಅಳೆಯುವುದು ನಮಗೆ ಗೊತ್ತಿರುವುದನ್ನು, ಬಾವಲಿ ಬದುಕುವುದು ಅದರ ಹೊರಗೂ ಉಂಟು. ಪುಣ್ಯಕ್ಕೆ ಆ ಕಾಡು 2011ರಲ್ಲಿ ಭೀಮಗಡ ವನ್ಯಧಾಮವಾಯಿತು. ಗವಿಯ ಬಾಗಿಲಿಗೆ ಕಾವಲು ಸಿಕ್ಕಂತಾಯಿತು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಕರ್ನಾಟಕದಲ್ಲಿ ಕಪ್ಪೆಯ ಹೆಸರೆತ್ತಿದರೆ ಪಶ್ಚಿಮ ಘಟ್ಟಕ್ಕೇ ಹೋಗುವುದು ವಾಡಿಕೆ, ಅದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಕೊಟ್ಟಿಗೆಹಾರದ ಕಪ್ಪೆಯನ್ನೂ ಸೇರಿಸಿ ಹಲವು ಹೊಸ ಜಾತಿಗಳನ್ನು ಬಣ್ಣಿಸಿದರು. ಅವರು ಬಾಟಲಿಯಲ್ಲಿ ಕೂಡಿಟ್ಟ ಮಾದರಿಗಳು ಕಾಲೇಜಿನಿಂದ ಕಳೆದುಹೋದವು. ಕಾಡಿನಲ್ಲಿ ಕಪ್ಪೆ ಇದ್ದರೂ ಕಾಗದದಲ್ಲಿ ಕಳೆದ ಕತೆ ಅದು. ಆ ಕೊಟ್ಟಿಗೆಹಾರದ ಗಂಡು ಕಪ್ಪೆ ಹಳ್ಳದ ಸದ್ದಿನಲ್ಲಿ ತನ್ನ ದನಿ ಮುಳುಗುವುದೆಂದು ಹಿಂಗಾಲು ಬೀಸಿ ಸನ್ನೆ ಮಾಡುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಕೆಸರು ಮೆತ್ತುವ ಇನ್ನೊಂದಕ್ಕೆ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ‘ಕುಂಬಾರ’ ಎಂದೇ ಹೆಸರಿಟ್ಟರು. ಇವೆಲ್ಲ ನಮಗೆ ದೂರದ ನೆಂಟರು. ನಾನು ತೂಗಬೇಕೆಂದಿರುವ ಕಪ್ಪೆ ಮಹಾರಾಷ್ಟ್ರದ ಅಂಬೋಲಿಯದು. ಆದರೆ ಅದರ ನೀರು ನಮ್ಮದು.

ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯ ಗವಿಯಂಥ ಒಂದು ದೇವಸ್ಥಾನದ ಬಳಿ. ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ, ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯನ್ನು ಕೂಡಿ, ಗೋಕಾಕದಲ್ಲಿ ಧುಮುಕಿ, ಮುಧೋಳದ ಮಗ್ಗುಲಲ್ಲಿ ಹಾಯ್ದು, ಕೊನೆಗೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿದರೆ ಮುಧೋಳದಲ್ಲಿ 500–600ಕ್ಕೆ ಮುಗಿಯಿತು. ನಮ್ಮ ಕಬ್ಬು ಕುಡಿಯುವುದರಲ್ಲಿ ಒಂದು ಪಾಲು ಅಲ್ಲಿ ಬಿದ್ದ ಮಳೆಯೇ.

ಅಂಬೋಲಿಯ ಆ ನೆಲಗಪ್ಪೆಯನ್ನು ಎಸ್. ಡಿ. ಬಿಜು ಮತ್ತು ಸಂಗಡಿಗರು 2009ರಲ್ಲಿ ಹೊಸ ಜಾತಿ ಎಂದು ಬಣ್ಣಿಸಿದರು. ಪಕ್ಕೆಯ ಮೇಲೆ ಹಳದಿ ಪಟ್ಟೆಗಳಿರುವುದರಿಂದ ಅದರ ಹೆಸರಿನಲ್ಲಿ ಹುಲಿಯಿದೆ. ನೋಡಿದರೆ ಹುಲಿ ನೆನಪಾಗುವುದಿಲ್ಲ, ಹೆಬ್ಬೆರಳಿನಷ್ಟುದ್ದದ ಒರಟು ಚರ್ಮದ ಜೀವ. ಅಂಬೋಲಿ ಮತ್ತು ಅದರ ಆಸುಪಾಸು ಬಿಟ್ಟರೆ ಬೇರೆ ನೆಲೆ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಅದೂ ತೀವ್ರ ಅಳಿವಿನಂಚು, ಕೋಲಾರದ ಬಾವಲಿಯ ಪಕ್ಕದ ಕುರ್ಚಿ. ಘಟ್ಟದ ನೆತ್ತಿಯ ಕೆಂಪು ಮುರಕಲ್ಲಿನ ಬಯಲುಗಳಲ್ಲಿ, ಮೊದಲ ಮಳೆಗೆ ಅಂಗೈಯಾಳದ ಗುಂಡಿಗಳು ತುಂಬುತ್ತವೆ. ಗಂಡುಗಳು ಆ ಗುಂಡಿಗಳ ಅಂಚಿಗೆ ಬಂದು ಕರೆಯುತ್ತವೆ, ಹೆಣ್ಣು ಬಂದು ಅದರಲ್ಲೇ ಮೊಟ್ಟೆಯಿಡುತ್ತದೆ. ಪಕ್ಕದಲ್ಲೇ ದಂಡಿಯಾಗಿ ತೊರೆಗಳಿದ್ದರೂ ಅದಕ್ಕೆ ಈ ಅಂಗೈ ನೀರೇ ಬೇಕು, ಏಕೆಂದರೆ ಅದರಲ್ಲಿ ಮೀನಿಲ್ಲ. ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಗುಂಡಿ ಒಣಗಿ, ಮರಿಗಳು ಕಲ್ಲಿಗೆ ಅಂಟಿದ ಕಪ್ಪು ಚುಕ್ಕೆಗಳಾಗುತ್ತವೆ. ಮಳೆ ಬಂದರೆ ಇನ್ನೊಂದು ತೊಂದರೆ. ಅದೇ ವಾರ ಬೆಳಗಾವಿ, ಕೊಲ್ಲಾಪುರ, ಗೋವಾದ ಜನ ಜಲಪಾತ ನೋಡಲು ಕಾರು ತೆಗೆಯುತ್ತಾರೆ. ಕಪ್ಪೆ ರಸ್ತೆ ದಾಟುವುದು ರಾತ್ರಿ, ಪ್ರವಾಸಿಗಳ ಕಾರುಗಳು ರಾತ್ರಿಯೂ ಓಡುತ್ತವೆ. ಅಂಬೋಲಿಯಲ್ಲಿ ಹಿರಣ್ಯಕೇಶಿ ದೇವಸ್ಥಾನದ ಕೊಳದಿಂದ ಹೊಸ ಮೀನೊಂದು 2020ರಲ್ಲಿ ಪತ್ತೆಯಾದಾಗ ಮರುವರ್ಷವೇ ಆ ಕೊಳ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕೊಳಕ್ಕೆ ಗಡಿ ಹಾಕುವುದು ಸುಲಭ. ಸಾವಿರ ಅಂಗೈ ಗುಂಡಿಗಳಿಗೆ, ಒಂದು ಹೆದ್ದಾರಿಗೆ, ಅದಕ್ಕಿಂತ ಮುಖ್ಯವಾಗಿ ಎರಡು ಮಳೆಗಳ ನಡುವಿನ ಬಿಡುವಿಗೆ ಬೇಲಿ ಹಾಕುವುದು ಹೇಗೆ?

ಎರಡರ ಮೈಯನ್ನೇ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕಿ, ಹೊಟ್ಟೆಗೆ ಕಚ್ಚಿಸಿಕೊಂಡು ಸಾಕುತ್ತದೆ. ಮೈಯಳತೆಗೆ ಹೋಲಿಸಿದರೆ ಬಹಳ ವರ್ಷ ಬದುಕುತ್ತದೆ. ಸೈಬೀರಿಯಾದಲ್ಲಿ ಉಂಗುರ ತೊಡಿಸಿದ ಒಂದು ಪುಟ್ಟ ಬಾವಲಿ 41 ವರ್ಷಗಳ ನಂತರ ಜೀವಂತ ಸಿಕ್ಕಿದೆ. ಇಂಥ ಲೆಕ್ಕದಲ್ಲಿ ಇನ್ನೂರು ಬಾವಲಿಯಲ್ಲಿ ಹತ್ತು ತಾಯಂದಿರು ಸತ್ತರೆ ತುಂಬಲು ವರ್ಷಗಳು ಬೇಕು. ನಮ್ಮ ಹೊಂಡದ ಗೋಂಕರಗಪ್ಪೆಯಾದರೆ ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಬಿಡುತ್ತದೆ. ಆ ಸಾವಿರವನ್ನು ನೋಡಿಯೇ ಜನ ಮೋಸ ಹೋಗುವುದು. 1987ರಲ್ಲಿ ರಫ್ತು ನಿಲ್ಲುವವರೆಗೂ ಭಾರತ ಯುರೋಪು, ಅಮೆರಿಕದ ಊಟದ ಮೇಜಿಗೆ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಗಾಲು ಕಳಿಸುತ್ತಿತ್ತು. ಇಷ್ಟು ಮೊಟ್ಟೆಯಿಡುವ ಪ್ರಾಣಿ ಮುಗಿದೀತೆ ಎಂಬ ಧೈರ್ಯ. ಮುಗಿಯಿತೋ ಇಲ್ಲವೋ, ಕಪ್ಪೆ ಹೋದ ಗದ್ದೆಗೆ ಕೀಟ ಹೆಚ್ಚಿತು ಎಂಬ ದೂರೇ ನಿಷೇಧಕ್ಕೆ ಒಂದು ಕಾರಣವಾಯಿತು.

ಇನ್ನು ಚರ್ಮ. ಬಾವಲಿಯ ಚರ್ಮ ರೆಕ್ಕೆಯಾಯಿತು, ಕಪ್ಪೆಯ ಚರ್ಮ ಅದಕ್ಕೆ ಅರ್ಧ ಶ್ವಾಸಕೋಶವೂ ಹೌದು, ನೀರು ಕುಡಿಯುವ ಬಾಯಿಯೂ ಹೌದು. ನೀರಿನಲ್ಲಿ ಏನಿದ್ದರೂ ಅದರ ರಕ್ತಕ್ಕೆ ದಾರಿ ನೇರ. ವಿಚಿತ್ರವೆಂದರೆ ಇಬ್ಬರಿಗೂ ಈಚಿನ ದಶಕಗಳ ದೊಡ್ಡ ಮಾರಿ ಬಂದದ್ದು ಚರ್ಮದ ಬೂಷ್ಟಿನಿಂದಲೇ. ಕಪ್ಪೆಗಳ ಕೈಟ್ರಿಡ್ ಬೂಷ್ಟು ಲೋಕದಾದ್ಯಂತ ಕನಿಷ್ಠ 501 ಜಾತಿಗಳನ್ನು ಕುಗ್ಗಿಸಿದೆ, ಅದರಲ್ಲಿ 90 ಜಾತಿಗಳು ಅಳಿದೇ ಹೋಗಿರಬಹುದು ಎಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿತು. ಬಾವಲಿಗಳ ಬಿಳಿಮೂಗಿನ ರೋಗ 2006ರಲ್ಲಿ ನ್ಯೂಯಾರ್ಕಿನ ಗವಿಯೊಂದರಲ್ಲಿ ಕಂಡು, ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿತು. ಬಿಳಿಮೂಗಿಗೆ ಚಳಿಗಾಲದ ತಣ್ಣನೆಯ ಗವಿ ಮತ್ತು ಅದರಲ್ಲಿ ತಿಂಗಳುಗಟ್ಟಲೆ ಮಲಗುವ ಬಾವಲಿ ಬೇಕು. ನಮ್ಮ ಬೆಚ್ಚನೆಯ ಬಾವಿಗಳಲ್ಲಿ ಅದಕ್ಕೆ ಕೆಲಸವಿಲ್ಲ. ಕಪ್ಪೆಯ ಬೂಷ್ಟು ಹಾಗಲ್ಲ, ಪಶ್ಚಿಮ ಘಟ್ಟದಲ್ಲೂ ಅದರ ಗುರುತು ಸಿಕ್ಕಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಂಡಂಥ ಸಾಮೂಹಿಕ ಸಾವು ಮಾತ್ರ ಇಲ್ಲಿ ಕಂಡಿಲ್ಲ.

ಒಟ್ಟು ಅಂಕಿ ಬೇಕೆನ್ನುವವರಿಗೆ: 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ 8,011 ಉಭಯವಾಸಿ ಜಾತಿಗಳಲ್ಲಿ 40.7 ಪ್ರತಿಶತ ಅಪಾಯದಲ್ಲಿವೆ. ಸಸ್ತನಿಗಳಲ್ಲಿ ಅದು ಸುಮಾರು ನಾಲ್ಕರಲ್ಲೊಂದು, ಹಕ್ಕಿಗಳಲ್ಲಿ ಎಂಟರಲ್ಲೊಂದು. ಮೊದಲು ರೋಗ ಮತ್ತು ನೆಲೆನಾಶ ಕಪ್ಪೆಗಳನ್ನು ಕೆಳಗೆ ತಳ್ಳುತ್ತಿದ್ದರೆ, 2004ರಿಂದೀಚೆಗೆ ಸ್ಥಿತಿ ಕೆಟ್ಟ ಜಾತಿಗಳಲ್ಲಿ 39 ಪ್ರತಿಶತಕ್ಕೆ ಹವಾಮಾನವೇ ಮುಖ್ಯ ಕಾರಣ ಎನ್ನುತ್ತದೆ ಅದೇ ಸಮೀಕ್ಷೆ. ಅಂಬೋಲಿಯ ಒಣಗಿದ ಗುಂಡಿಯನ್ನು ನೆನೆದರೆ ಆ 39ಕ್ಕೆ ಮುಖ ಬರುತ್ತದೆ.

ಹಾಗಾದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ? ಇಲ್ಲಿನ ಕಪ್ಪೆಗಳೆಲ್ಲ ಪಟ್ಟಿಯಲ್ಲಿ ಹೆಚ್ಚುಕಡಿಮೆ ‘ಚಿಂತೆಯಿಲ್ಲ’ದ ಮನೆಯವು. ದೇಶದ ತುಂಬ ಹರಡಿದ ಜಾತಿಗೆ ನಾಲ್ಕು ತಾಲ್ಲೂಕಿನಲ್ಲಿ ಏನಾಯಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಇದು ಪಟ್ಟಿಯ ದೊಡ್ಡ ಕುರುಡು ಎಂದು ನನ್ನ ಆರೋಪ. ಅಂಬೋಲಿಯ ಕಪ್ಪೆ ಒಂದೇ ಊರಿನದಾದ್ದರಿಂದ ಸುದ್ದಿಯಾಯಿತು. ಎಲ್ಲ ಊರಿನ ಕಪ್ಪೆ ಒಂದೊಂದೇ ಊರಿನಿಂದ ಎದ್ದು ಹೋದರೆ ಅದು ಸುದ್ದಿಯಲ್ಲ.

ನೀರು ಹೆಚ್ಚಿದರೆ ಕಪ್ಪೆಗೆ ಸುಗ್ಗಿ ಎಂಬುದು ಅರ್ಧ ನಿಜ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು, ದುಡಿಮೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಶ್ರಮಬಿಂದು ಸಾಗರ ಎಂಬ ಬ್ಯಾರೇಜು ಕಟ್ಟಿದರು. ಅದು ಈ ಸೀಮೆಯ ಹೆಮ್ಮೆ, ಇಂದಿಗೂ ಹೆಮ್ಮೆಯೇ. ಹಿಡಕಲ್ಲಿನ ಕಾಲುವೆ ಬಂತು, ಆಲಮಟ್ಟಿಯ ಹಿನ್ನೀರು ಬೀಳಗಿಯ ಹೊಲಗಳ ಮೇಲೆ ನಿಂತಿತು. ವರ್ಷಪೂರ್ತಿ ನೀರು ಬಯಸುವ ಕಪ್ಪೆಗಳಿಗೆ ಇದು ಒಳ್ಳೆಯದೇ ಆಗಿರಬಹುದು. ಆದರೆ ಒಣಸೀಮೆಯ ಕಪ್ಪೆಯ ಪಂಚಾಂಗ ಬೇರೆ. ಅದು ಹತ್ತು ತಿಂಗಳು ನೆಲದೊಳಗೆ ಕಾದು, ಮಳೆಯ ಮೊದಲ ವಾರದಲ್ಲಿ ಎದ್ದು, ಮೀನಿಲ್ಲದ ತಾತ್ಕಾಲಿಕ ಹೊಂಡದಲ್ಲಿ ಸಂಸಾರ ಮುಗಿಸಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಕಾಲುವೆಯಲ್ಲಿ ಮೀನಿದೆ. ಕಬ್ಬಿನ ಹೊಲದಲ್ಲಿ ಕಳೆನಾಶಕವಿದೆ. ನೀರು ಹೆಚ್ಚು ಹಾಯಿಸಿದ ಕರಿಮಣ್ಣು ಸವಳು–ಜವಳಾಗಿ, ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಹೂ ಬಿಡುತ್ತದೆ. ರಬಕವಿ–ಬನಹಟ್ಟಿಯ ಸುತ್ತ, ಮುಧೋಳದ ಹೊಳೆದಂಡೆಯಲ್ಲಿ ಈ ಬಿಳುಪನ್ನು ಎಲ್ಲಿಯೂ ನೋಡಬಹುದು. ಚರ್ಮದಿಂದಲೇ ನೀರು ಕುಡಿಯುವ ಪ್ರಾಣಿಯನ್ನು ಉಪ್ಪಿನ ಹೊಲದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಶಾಲೆ ಬೇಡ, ಗಾಯದ ಮೇಲೆ ಉಪ್ಪು ಬಿದ್ದವರನ್ನು ಕೇಳಿದರೆ ಸಾಕು.

ನೆಲದೊಳಗೆ ಕಾಯುವ ಆ ಕಪ್ಪೆಗಳಲ್ಲಿ ಒಂದನ್ನು ಮಳೆಯ ಮಾರನೆಯ ದಿನ ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಲೂನು ಕಪ್ಪೆ ಎನ್ನುತ್ತಾರೆ. ಗುಂಡನೆಯ ಮೈಗೆ ಕಾಲು ಆಮೇಲೆ ಅಂಟಿಸಿದಂತೆ, ಮೂತಿ ಇದ್ದೂ ಇಲ್ಲದಂತೆ. ಕೆಳಗಿಟ್ಟರೆ ಹಾರಲಿಲ್ಲ; ಹಿಂಗಾಲಿನ ಗೊರಸಿನಂಥ ಗಡ್ಡೆಯಿಂದ ಮಣ್ಣು ಅತ್ತಿತ್ತ ತಳ್ಳುತ್ತ, ನನ್ನ ಮುಖವನ್ನೇ ನೋಡಿಕೊಂಡು, ಹಿಂದುಹಿಂದಕ್ಕೆ ನೆಲದೊಳಗೆ ಇಳಿದು ಹೋಯಿತು. ಕೊನೆಗೆ ಉಳಿದದ್ದು ಎರಡು ಕಣ್ಣು, ಆಮೇಲೆ ಅದೂ ಇಲ್ಲ. ಅದರ ಊಟ ಇರುವೆ ಮತ್ತು ಗೆದ್ದಲು. ಅದೇ ಊಟದ ಮೇಲೆ ಬದುಕುವ ಸಸ್ತನಿ ಚಿಪ್ಪುಹಂದಿ. ಅದು ಅಳಿವಿನಂಚಿನದೇ, ಪಟ್ಟಿಯ ಪ್ರಕಾರವೂ ಹೌದು. ಸಾಮಾನ್ಯವಾಗಿ ಒಂದೇ ಮರಿ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಉಪಾಯ. ಹುಲಿಯ ಹಲ್ಲಿಗೆ ಸರಿಯಾಗಿದ್ದ ಆ ಉಪಾಯ ಮನುಷ್ಯನ ಚೀಲಕ್ಕೆ ಹೇಳಿಮಾಡಿಸಿದಂತಿದೆ. ಚಿಪ್ಪು ಎಂದರೆ ನಮ್ಮ ಉಗುರಿನ ವಸ್ತುವೇ, ಔಷಧಿ ಎಂಬ ನಂಬಿಕೆ ಬೇರೆ ದೇಶದ್ದು, ದುಡ್ಡಿನ ಆಸೆ ಇಲ್ಲಿಯದು. 2016ರಲ್ಲಿ ಎಲ್ಲ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಒಪ್ಪಿತವಾಯಿತು. ಒಂದೇ ಹುತ್ತದ ಇಬ್ಬರು ಗಿರಾಕಿಗಳಲ್ಲಿ ಒಬ್ಬನಿಗೆ ಕಳ್ಳಬೇಟೆ ಶತ್ರು, ಇನ್ನೊಬ್ಬನಿಗೆ ಟ್ರ್ಯಾಕ್ಟರಿನ ನೇಗಿಲು.

ಹುತ್ತ ಉಳಿಯಬೇಕಾದರೆ ಉಳದ ನೆಲ ಉಳಿಯಬೇಕು, ಅದು ಇಲ್ಲಿ ದೊಡ್ಡದಾಗಿ ಉಳಿದಿರುವುದು ಯಡಹಳ್ಳಿಯಲ್ಲಿ. ವನ್ಯಧಾಮ ಆದದ್ದು ಚಿಂಕಾರಕ್ಕಾಗಿ. ಕಪ್ಪೆಗಾಗಿ ಎಂದಿದ್ದರೆ ಕಡತ ಬೆಂಗಳೂರಿಗೆ ಹೋಗುವ ಮೊದಲೇ ನಕ್ಕು ತಿರುಗಿ ಬರುತ್ತಿತ್ತು. ಚಿಂಕಾರವೂ ಜಗತ್ತಿನ ಪಟ್ಟಿಯಲ್ಲಿ ಅಪಾಯದ ಪ್ರಾಣಿಯಲ್ಲ, ನಮ್ಮ ಕಾನೂನಿನಲ್ಲಿ ಮಾತ್ರ ಮೊದಲ ಅನುಸೂಚಿಯದು. ಅಂದವಾದ ಪ್ರಾಣಿಯ ಹೆಸರಿನಲ್ಲಿ ಕುರುಚಲು ಕಾಡು ಉಳಿದು, ಅದರ ಕೆಳಗೆ ಬಲೂನು ಕಪ್ಪೆ ಪುಕ್ಕಟೆ ಬಾಡಿಗೆಗೆ ಇದ್ದರೆ ನನ್ನದೇನೂ ತಕರಾರಿಲ್ಲ.

ಅಂದದ ಮಾತು ಬಂತಲ್ಲ, ಮುಧೋಳ ನಾಯಿಯ ಕತೆ ನೋಡಿ. ಅದಕ್ಕೆ 2005ರಲ್ಲಿ ಅಂಚೆಚೀಟಿ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ, ಸೈನ್ಯದವರೆಗೂ ಹೆಸರು. ಅದನ್ನು ಬೆಳೆಸಿದ್ದೇ ಮೊಲ, ಚಿಗರಿಗಳನ್ನು ಅಟ್ಟಿಸಿಕೊಂಡು ಹೋಗಲೆಂದು; ಅವುಗಳಿಗೆ ಆ ಗೌರವವಿಲ್ಲ. ಬಾವಲಿಯ ಸ್ಥಿತಿ ಇನ್ನೂ ಕೆಳಗಿತ್ತು: 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಅನುಸೂಚಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ, ಅಂದರೆ 2023ರ ಏಪ್ರಿಲ್ 1ರಿಂದ, ಆ ಅನುಸೂಚಿಯೇ ಹೋಯಿತು. ಅಪಶಕುನದ ಹೆಸರು ಹೋಗಲಿಲ್ಲ. ಕೇರಳದ ನಿಫಾ ಸುದ್ದಿ ಬಂದಾಗೆಲ್ಲ ಇಲ್ಲಿಯೂ ಬಾವಿಗೆ ಹೊಗೆ ಹಾಕೋಣವೇ ಎಂಬ ಮಾತು ಏಳುತ್ತದೆ. ರಾತ್ರಿಯಿಡೀ ಹೊಲದ ಪತಂಗಗಳನ್ನು ತಿನ್ನುವ ಸಣ್ಣ ಬಾವಲಿಗೂ ಹಣ್ಣುಬಾವಲಿಗೂ ವ್ಯತ್ಯಾಸ ನೋಡುವಷ್ಟು ಪುರುಸೊತ್ತು ಹೊಗೆಗೆಲ್ಲಿ? ಕಪ್ಪೆಗೆ ಆ ಮಟ್ಟಿಗೆ ಮರ್ಯಾದೆಯಿದೆ. ಮಳೆ ತಪ್ಪಿದ ವರ್ಷ ಗುರ್ಜಿ ಹೊತ್ತು ಮನೆಮನೆಯಲ್ಲಿ ನೀರು ಹೊಯ್ಯಿಸಿಕೊಳ್ಳುವ ನಾಡು ಇದು, ಕೆಲವೆಡೆ ಕಪ್ಪೆಗಳ ಮದುವೆಯೂ ಆಗುತ್ತದೆ. ಬಾದಾಮಿಯ ಶಾಸನದ ಅರಭಟ್ಟನ ಹೆಸರಿನ ಮೊದಲೂ ಕಪ್ಪೆಯಿದೆ; ಆ ಕಪ್ಪೆ ಈ ಕಪ್ಪೆಯೇ ಎಂಬುದನ್ನು ಪಂಡಿತರಿಗೆ ಬಿಡೋಣ. ಮದುವೆ ಮಾಡಿಸಿದ ಕಪ್ಪೆಯನ್ನು ಆಮೇಲೆ ಎಲ್ಲಿ ಬಿಡುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. “ಎಲ್ಲಿ ನೀರದ ಅಲ್ಲಿ” ಎಂದರು. ನೀರಿದ್ದದ್ದು ಕಾಲುವೆಯಲ್ಲಿ.

ಈ ವರ್ಷ ಹಾಳುಬಾವಿಗೆ ಮುಚ್ಚಳ ಬರುತ್ತದೆ. ಮಕ್ಕಳು ಬಿದ್ದಾರು ಎಂಬ ಭಯ ನ್ಯಾಯವಾದದ್ದೇ, ಯಜಮಾನರ ಮೊಮ್ಮಗ ಸಿಮೆಂಟಿನ ಸ್ಲ್ಯಾಬು ಹಾಕಿಸಬೇಕೆಂದಿದ್ದ. ಸ್ಲ್ಯಾಬು ಬಿದ್ದರೆ ಮೇಲಿನ ಪಾಳಿ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ, ಕೆಳಗಿನ ಪಾಳಿಗೆ ಸ್ವಲ್ಪ ಹೆಚ್ಚು ದಿನ. ಬೇರೆ ದೇಶಗಳಲ್ಲಿ ಗವಿಯ ಬಾಯಿಗೆ ಬಾವಲಿ ಹಾಯುವಂತೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡ, ಸುಮಾರು ಆರಿಂಚು ಸಂದಿ ಬಿಟ್ಟು ಕೂರಿಸುತ್ತಾರೆ ಎಂದು ಓದಿದ್ದನ್ನು ಹೇಳಿದೆ. ಅವನು ಒಪ್ಪಿದ, ಅಜ್ಜ ನಕ್ಕರು. ಮುಧೋಳದ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆಯ ಚೀಟಿ ಕೊಟ್ಟಾಗ ಹುಡುಗ ಟೇಪು ಎಳೆದು ಆರಿಂಚಿಗೆ ಹೆಬ್ಬೆರಳಿಟ್ಟು ಕೇಳಿದ, “ಇಷ್ಟು ಸಂದಿ ಬಿಟ್ರ ಬೆಕ್ಕು ಬೀಳ್ತದಲ್ರೀ?” ಮೆಟ್ಟಿಲಿವೆ, ಹತ್ತಿ ಬರುತ್ತದೆ ಎಂದೆ. ಅಡ್ವಾನ್ಸ್ ಐನೂರು ಕೊಟ್ಟು ಬಂದಿದ್ದೇನೆ. ಮಿರಗಕ್ಕೆ ಮೊದಲು ಕೊಡುತ್ತೇನೆ ಅಂದಿದ್ದಾನೆ.